ಬಣ್ಣ ಕೊನೆಗೆ, ಮೊದಲು ನೀರಿನ ದಾರಿ ನೋಡು

ತಮ್ಮಾ, ಹಳೇ ಎಂಎಂ 540 ಜೀಪು ತೆಗೆದುಕೊಂಡಿದ್ದೀಯಂತೆ. ಒಳ್ಳೆಯ ಕೆಲಸ. ಮಲೆನಾಡಿನ ಏರಿಗೆ, ತೋಟದ ಕೆಸರಿಗೆ ಒಗ್ಗಿದ ಗಾಡಿ ಅದು. ಇಂಜಿನ್ನು, ಗೇರ್‌ಬಾಕ್ಸು ಕೈಕೊಟ್ಟರೆ ಹೆದರಬೇಡ. ಬಿಡಿಭಾಗ ಇನ್ನೂ ಸಿಗುತ್ತವೆ, ಬಿಚ್ಚಿ ಕೂರಿಸಬಲ್ಲ ಮೇಸ್ತ್ರಿಗಳೂ ನಮ್ಮ ಪೇಟೆಗಳಲ್ಲಿ ಇದ್ದಾರೆ. ಇಂಥ ಜೀಪುಗಳನ್ನು ಗುಜರಿ ಅಂಗಡಿಗೆ ಅಟ್ಟುವುದು ಹೆಚ್ಚಾಗಿ ಬಾಡಿಯ ತುಕ್ಕು, ಚಾಸಿಯ ತುಕ್ಕು. ಈ ದಸರಾ ಹೊತ್ತಿಗೆ ಫಳಫಳ ಹೊಳೆಯುವ ಹೊಸ ಬಣ್ಣ ಹೊಡೆಸಿ ಆಯುಧಪೂಜೆಗೆ ನಿಲ್ಲಿಸುವ ಯೋಚನೆ ನಿನ್ನದು ಎಂದೂ ಕೇಳಿದೆ. ನನ್ನ ತಕರಾರು ಇರುವುದು ಅಲ್ಲೇ.

ಬಣ್ಣ ಕೊನೆಯ ಕೆಲಸ ಮಾರಾಯ. ನೀರು ಎಲ್ಲೆಲ್ಲಿ ನುಗ್ಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗಬೇಕಿತ್ತು ಎಂದು ಹುಡುಕುವುದು ಮೊದಲು. ತಗಡನ್ನು ಒಳಗೂ ಹೊರಗೂ ಶುದ್ಧ ಮಾಡಿ, ಹೋದಷ್ಟನ್ನು ಕತ್ತರಿಸಿ ಹೊಸದು ಕೂರಿಸುವುದು ಆಮೇಲೆ. ಪ್ರೈಮರು, ಬಣ್ಣ ಎಲ್ಲ ಅದಾದ ಮೇಲೆ. ಈ ಸರದಿ ತಿರುಗಾಮುರುಗಾ ಆದರೆ ಎಷ್ಟು ದುಬಾರಿ ಬಣ್ಣ ಹಾಕಿಸಿದರೂ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಏಳುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಅನ್ನುವ ಗಾದೆ ಹಳೇ ಜೀಪಿಗೆ ಹೊಂದುವಷ್ಟು ಇನ್ಯಾವುದಕ್ಕೂ ಹೊಂದುವುದಿಲ್ಲ.

ಗುಳ್ಳೆ ಯಾಕೆ ಏಳುತ್ತದೆ ಎಂದು ತಿಳಿದುಕೊಂಡರೆ ಉಳಿದದ್ದು ಸುಲಭ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಹಾಗೆ ಹಿಗ್ಗುವಾಗ ಮೇಲಿನ ಬಣ್ಣವನ್ನು ಎತ್ತಿಬಿಡುತ್ತದೆ, ಎತ್ತಿದ ಸಂದಿಗೆ ಮತ್ತೆ ನೀರು ಹೋಗುತ್ತದೆ. ಅಲ್ಯೂಮಿನಿಯಂ ಮೇಲೂ ಇಂಥದೇ ಒಂದು ಪದರ ಕಟ್ಟುತ್ತದೆ, ಆದರೆ ಅದು ಬಿಗಿಯಾಗಿ ಕಚ್ಚಿಕೊಂಡು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಸಡಿಲ, ರಂಧ್ರ ರಂಧ್ರ. ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ತುಕ್ಕು ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಗಾಳಿಯ ತೇವಾಂಶ ಶೇ 60 ದಾಟಿದರೆ ಮಳೆ ಬೀಳದಿದ್ದರೂ ಅದರ ಕೆಲಸ ನಡೆಯುತ್ತಲೇ ಇರುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಆಗುಂಬೆಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವ ದಿನವೇ ಇಲ್ಲ. ಘಟ್ಟ ಇಳಿದು ಕುಂದಾಪುರ, ಮಲ್ಪೆ, ಕಾರವಾರದ ಕಡೆ ಹೋದರೆ ಮಳೆ ಜೊತೆಗೆ ಉಪ್ಪುಗಾಳಿಯೂ ಸೇರುತ್ತದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ತುಕ್ಕಿನ ಓಟ ಇನ್ನೂ ಜೋರು.

ಇನ್ನೊಂದು ಸಂಗತಿ ಗಮನದಲ್ಲಿಡು. ತೋಯ್ದು ಬೇಗ ಒಣಗುವ ಜಾಗಕ್ಕಿಂತ ಕೆಸರು ಮೆತ್ತಿ ಕೂತ ಜಾಗ ಬೇಗ ತೂತಾಗುತ್ತದೆ. ಕೆಸರಿನಡಿ ಆಮ್ಲಜನಕ ಕಡಿಮೆ, ಅಂಚಿನಲ್ಲಿ ಹೆಚ್ಚು. ಈ ವ್ಯತ್ಯಾಸದಿಂದ ಒಂದೇ ತಗಡಿನ ಎರಡು ಭಾಗಗಳ ನಡುವೆ ಸಣ್ಣ ವಿದ್ಯುತ್ ಹರಿವು ಹುಟ್ಟಿಕೊಂಡು, ಆಮ್ಲಜನಕ ಕಡಿಮೆ ಇರುವ ಒಳಭಾಗದ ಕಬ್ಬಿಣ ಕರಗುತ್ತಾ ಹೋಗುತ್ತದೆ. ಮಡ್‌ಗಾರ್ಡಿನ ಒಳಮೂಲೆ, ಎರಡು ತಗಡು ಒಂದರ ಮೇಲೊಂದು ಕೂತ ಸಂದು, ಮ್ಯಾಟಿನ ಅಡಿ, ಬೋಲ್ಟಿನ ವಾಷರಿನ ಅಡಿ, ಎಲ್ಲ ಕಡೆಯೂ ಇದೇ ಕಥೆ. ಹೊರಗಿನಿಂದ ನಮಗೆ ಕಾಣುವ ತುಕ್ಕು ಹೆಚ್ಚಿನ ಸಲ ಒಳಗಿನಿಂದ ಹೊರಗೆ ಬಂದದ್ದು.

ಈಗ ಗಾಡಿ ನೋಡುವುದು ಹೇಗೆ ಎಂದು ಹೇಳುತ್ತೇನೆ. ಕೈಯಲ್ಲಿ ಒಂದು ಟಾರ್ಚು, ಒಂದು ಸ್ಕ್ರೂಡ್ರೈವರು, ಒಂದು ಸಣ್ಣ ಅಯಸ್ಕಾಂತ ಇರಲಿ. ಸೀಟು, ಮ್ಯಾಟು, ಸ್ಟೆಪ್ನಿ, ಟೂಲ್ ಬಾಕ್ಸು ಎಲ್ಲ ಹೊರಗೆ ತೆಗೆ. ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಸವರುತ್ತಾ ಹೋಗು. ಕಚ್ಚಿಕೊಳ್ಳುತ್ತಾ ಬಂದದ್ದು ಒಂದು ಕಡೆ ಸಡಿಲವಾದರೆ ಅಲ್ಲಿ ಬಣ್ಣದಡಿ ಇರುವುದು ತಗಡಲ್ಲ, ಪುಟ್ಟಿ. ಸ್ಕ್ರೂಡ್ರೈವರಿನ ಹಿಡಿಯಿಂದ ನೆಲದ ತಗಡನ್ನು ಬಡಿ. ಗಟ್ಟಿ ತಗಡು ಠಣ್ಣನೆ ನುಡಿಯುತ್ತದೆ, ತಿಂದುಹೋದದ್ದು ದಬದಬ ಅನ್ನುತ್ತದೆ. ಅನುಮಾನ ಬಂದ ಕಡೆ ಮೊನೆಯಿಂದ ಒತ್ತಿ ನೋಡು. ತೂತಾಗಿಬಿಟ್ಟರೆ ಅಂತ ಹಿಂಜರಿಯಬೇಡ. ಒತ್ತಿದ್ದಕ್ಕೆ ತೂತಾಗುವುದಾದರೆ ಅದು ಆಗಲೇ ತೂತಾಗಿತ್ತು.

ಎಲ್ಲಿ ನೋಡಬೇಕು ಅನ್ನುತ್ತೀಯ? ಮುಂದಿನ ಗಾಜಿನ ಚೌಕಟ್ಟಿನ ಕೆಳಗಿನ ಪಟ್ಟಿ ಮೊದಲು. ಅಲ್ಲಿ ರಬ್ಬರಿನಡಿ ನೀರು ನಿಂತು ಚೌಕಟ್ಟು ಕೊಳೆಯುತ್ತದೆ. ಆಮೇಲೆ ಡ್ರೈವರ್ ಕಾಲಿಡುವ ನೆಲ. ಕೆಸರು ಕಾಲು, ಒದ್ದೆ ಚಪ್ಪಲಿ ದಿನವೂ ಬೀಳುವ ಜಾಗ. ಫುಟ್‌ಬೋರ್ಡು ಬಾಡಿಗೆ ಸೇರುವ ಮೂಲೆ, ಹಿಂದಿನ ಚಕ್ರದ ಮೇಲಿನ ಡಬ್ಬಿ, ಅದು ನೆಲಕ್ಕೆ ಕೂಡುವ ಹೊಲಿಗೆ, ಹಿಂಬಾಗಿಲಿನ ಕೆಳತುದಿ, ಬ್ಯಾಟರಿ ಕೂರುವ ತಟ್ಟೆ. ಬ್ಯಾಟರಿ ತಟ್ಟೆಗೆ ನೀರಿನ ಜೊತೆ ಆ್ಯಸಿಡ್ಡೂ ಬೀಳುತ್ತದೆ. ಬಾಡಿಯನ್ನು ಚಾಸಿಗೆ ಬಿಗಿದಿರುವ ಬೋಲ್ಟುಗಳ ಸುತ್ತ, ರಬ್ಬರ್ ಪ್ಯಾಡಿನ ಮೇಲೆ ಕೂರುವ ತಗಡನ್ನೂ ಬೆರಳಿಟ್ಟು ನೋಡು.

ನೆಲದ ತಗಡಿನಡಿ ಟೋಪಿಯ ಆಕಾರದ ಉದ್ದನೆಯ ಪಟ್ಟಿಗಳನ್ನು ಬೆಸೆದಿರುತ್ತಾರೆ. ನೆಲ ಬಾಗದಿರಲಿ ಎಂದು ಕೊಟ್ಟ ಆಸರೆ ಅದು. ಆದರೆ ಅದರೊಳಗೆ ಹೋದ ನೀರಿಗೆ ಹೊರಗೆ ಬರುವ ದಾರಿ ಇಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪುಗಳಲ್ಲಂತೂ ಆ ಪಟ್ಟಿಯೊಳಗೆ ಮರದ ತುಂಡು ತುರುಕಿರುತ್ತಿದ್ದರು. ಮರ ನೀರು ಕುಡಿದು ಕೂತು ಒಳಗಿನಿಂದಲೇ ತಗಡನ್ನು ತಿನ್ನಿಸುತ್ತಿತ್ತು. ಹಾಗಾಗಿ ಮೇಲಿನ ನೆಲ ಚೆನ್ನಾಗಿ ಕಂಡರೂ ಗಾಡಿಯ ಅಡಿಗೆ ಮಲಗಿ ಈ ಪಟ್ಟಿಗಳನ್ನು ಒಂದೊಂದಾಗಿ ಒತ್ತಿ ನೋಡಲೇಬೇಕು. ನಿನ್ನ ಗೆಳೆಯನದು ಜಿಪ್ಸಿ ಅಂತೀಯಲ್ಲ, 1985ರಲ್ಲಿ ಮಾರುತಿ ತಂದ ಆ ಗಾಡಿಯ ತಗಡು ಜೀಪಿನದಕ್ಕಿಂತ ತೆಳು. ಅವನಿಗೆ ಹಿಂದಿನ ಚಕ್ರದ ಸುತ್ತಲ ಹೊಲಿಗೆ, ಗಾಜಿನ ಕೆಳಪಟ್ಟಿ, ಹಿಂಬಾಗಿಲು ಇವನ್ನು ಇನ್ನಷ್ಟು ಹುಷಾರಾಗಿ ನೋಡಲು ಹೇಳು.

ಹುಡುಕಿದ ಮೇಲೆ ತುಕ್ಕನ್ನು ಮೂರು ಪಾಲು ಮಾಡು. ಬರೀ ಕೆಂಪು ಧೂಳಿನಂತೆ ಮೇಲೆ ಕೂತದ್ದು ಒಂದು. ಹೆಕ್ಕಳೆಗಟ್ಟಿ ಏಳುವಂಥದ್ದು, ಕೆರೆದರೆ ತಗಡಿನಲ್ಲಿ ಸಿಡುಬಿನಂಥ ಗುಳಿ ಕಾಣುವಂಥದ್ದು ಎರಡನೆಯದು. ತೂತಾದದ್ದು, ಇಲ್ಲವೇ ಒತ್ತಿದರೆ ಬಾಗುವಷ್ಟು ತೆಳುವಾದದ್ದು ಮೂರನೆಯದು. ಮೊದಲನೆಯದನ್ನು ನೀನೇ ಮನೆಯಂಗಳದಲ್ಲಿ ಮಾಡಿಕೊಳ್ಳಬಹುದು. ಎರಡನೆಯದಕ್ಕೂ ನಿನ್ನ ಕೈ ಸಾಕು, ತಾಳ್ಮೆ ಬೇಕು. ಮೂರನೆಯದನ್ನು ವೆಲ್ಡಿಂಗ್ ಕೆಲಸ ಗೊತ್ತಿದ್ದವನಿಗೇ ಬಿಡು.

ಮೇಲ್ಮೈ ತುಕ್ಕಿಗೆ ವೈರ್ ಬ್ರಷ್ಷು, ಎಮರಿ ಕಾಗದ ಸಾಕು. ತುಕ್ಕು ಕಂಡಷ್ಟೇ ಜಾಗ ಉಜ್ಜಿ ನಿಲ್ಲಿಸಬೇಡ. ಸುತ್ತಲಿನ ಗಟ್ಟಿ ಬಣ್ಣ ಸಿಗುವವರೆಗೆ ಉಜ್ಜು, ಬಣ್ಣದ ಅಂಚು ಬೆರಳಿಗೆ ತಾಗದಂತೆ ಇಳಿಜಾರಾಗಲಿ. ಹೆಕ್ಕಳೆಗಟ್ಟಿದ್ದಕ್ಕೆ ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಡಿಲವಾದದ್ದನ್ನು ಉದುರಿಸು, ಆಮೇಲೆ ಗ್ರೈಂಡರಿಗೆ ತಂತಿ ಬ್ರಷ್ಷು ಹಾಕಿ ಉಜ್ಜು. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕು ಇಲ್ಲದೆ ಗ್ರೈಂಡರ್ ಮುಟ್ಟಬೇಡ. ಕಿತ್ತ ತಂತಿ ಎಳೆ ಕಣ್ಣಿಗೆ ಹೊಕ್ಕರೆ ತೆಗೆಯುವುದು ಕಷ್ಟ. ಹಳೇ ಬಣ್ಣಗಳಲ್ಲಿ ಸೀಸ ಇರುವುದುಂಟು, ಆ ಧೂಳು ಮಕ್ಕಳಿಗಂತೂ ವಿಷ. ಅಂಗಳದಲ್ಲಿ ಮಕ್ಕಳು ಆಡುವಾಗ ಈ ಕೆಲಸ ಬೇಡ, ಬಿದ್ದ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆ.

ಉಜ್ಜಿದ ಮೇಲೂ ಗುಳಿಗಳ ತಳದಲ್ಲಿ ಕಪ್ಪು ಚುಕ್ಕೆಯಂತೆ ತುಕ್ಕು ಉಳಿದೇ ಉಳಿಯುತ್ತದೆ. ರಸ್ಟ್ ಕನ್ವರ್ಟರ್ ಬೇಕಾಗುವುದು ಅದಕ್ಕೆ. ಅದರಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲವೋ ಟ್ಯಾನಿಕ್ ಆಮ್ಲವೋ ಇರುತ್ತದೆ. ಉಳಿದ ತುಕ್ಕಿನ ಜೊತೆ ಸೇರಿ ಅದನ್ನು ಕಪ್ಪನೆಯ, ಸುಲಭಕ್ಕೆ ಕರಗದ ಪದರವಾಗಿಸುತ್ತದೆ. ಫಾಸ್ಫಾರಿಕ್ ಅಂದರೆ ರಂಜಕದ ಆಮ್ಲ. ದೆಹಲಿಯ ಮೆಹ್ರೌಲಿಯಲ್ಲಿರುವ, ಹದಿನೈದು ಶತಮಾನಗಳಿಗೂ ಹಳೆಯದಾದ ಕಬ್ಬಿಣದ ಕಂಬ ಯಾಕೆ ಕೊಳೆತಿಲ್ಲ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ಅಧ್ಯಯನ ಮಾಡಿ ತೋರಿಸಿದ್ದು ರಂಜಕದ ಮಹಿಮೆಯನ್ನೇ. ಆ ಕಬ್ಬಿಣದಲ್ಲಿ ರಂಜಕ ಹೆಚ್ಚಿರುವುದರಿಂದ ಮೇಲೆ ಫಾಸ್ಫೇಟಿನ ತೆಳು ರಕ್ಷೆ ಕಟ್ಟಿಕೊಂಡಿದೆ. ನಮ್ಮ ಕೊಡಚಾದ್ರಿಯಲ್ಲೂ ಮೂಲ ಮೂಕಾಂಬಿಕೆಯ ಗುಡಿಯೆದುರು ಹಳೆಯ ಕಬ್ಬಿಣದ ಕಂಬವಿದೆ. ಜೀಪುಗಳು ತಿಣುಕುತ್ತಾ ಹತ್ತಿ ನಿಲ್ಲುವ ಆ ಬೆಟ್ಟದ ಮೇಲೆ ಮಳೆ, ಮಂಜು ತಿನ್ನುತ್ತಾ ಅದು ನಿಂತಿದೆ. ಕಂಬ ನೆಟ್ಟಗಿದೆ ನೋಡು, ನೀರು ಬಿದ್ದದ್ದು ಜಾರಿ ಹೋಗುತ್ತದೆ. ನಮ್ಮ ಜೀಪಿನ ತಗಡಿಗೆ ಆ ಕಬ್ಬಿಣದ ಗುಣವೂ ಇಲ್ಲ, ಆ ಇಳಿಜಾರೂ ಇಲ್ಲ.

ಕನ್ವರ್ಟರ್ ಹಚ್ಚುವಾಗ ಡಬ್ಬಿಯ ಮೇಲೆ ಬರೆದದ್ದನ್ನು ಓದು. ಸಡಿಲ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಪದರ ಮಾತ್ರ ಕಪ್ಪಾಗಿ ಅಡಿಯದು ಹಾಗೇ ಉಳಿಯುತ್ತದೆ. ಕನ್ವರ್ಟರಿಗೆ ದುಡ್ಡು ಯಾಕೆ ಎಂದು ಕೆಲವರು ಶೌಚಾಲಯ ತೊಳೆಯುವ ಆ್ಯಸಿಡ್ ಸುರಿಯುತ್ತಾರೆ. ತುಕ್ಕು ಕ್ಷಣದಲ್ಲಿ ಮಾಯವಾದಂತೆ ಕಾಣುವುದು ನಿಜ. ಆದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಸಂದಿಯಲ್ಲಿ ಉಳಿದ ಕ್ಲೋರೈಡು ಮುಂದೆ ಸಮುದ್ರದ ಉಪ್ಪಿನಷ್ಟೇ ಕೆಡುಕು ಮಾಡುತ್ತದೆ. ಅದರ ತಂಟೆಗೇ ಹೋಗಬೇಡ.

ತೂತಾದ ಜಾಗಕ್ಕೆ ಬರೋಣ. ಟಿಂಕರಿಂಗ್ ಶೆಡ್ಡಿಗೆ ಗಾಡಿ ಬಿಟ್ಟು ಮನೆಗೆ ಬಂದು ಕೂರಬೇಡ. ಬಹಳ ಶೆಡ್ಡುಗಳಲ್ಲಿ ಒಳ್ಳೆಯ ಕೈಗಾರರಿದ್ದಾರೆ, ಆದರೆ ಗಿರಾಕಿ ಅವಸರ ಮಾಡಿದರೆ ಅವರೂ ಅಡ್ಡದಾರಿ ಹಿಡಿಯುತ್ತಾರೆ. ತೂತಿನ ಮೇಲೆ ಒಂದು ತುಂಡು ತಗಡು ಇಟ್ಟು ನಾಲ್ಕು ಕಡೆ ಟ್ಯಾಕ್ ಹೊಡೆದು ಮೇಲೆ ದಪ್ಪ ಪುಟ್ಟಿ ಮೆತ್ತಿ ಉಜ್ಜಿಬಿಟ್ಟರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಅಡಿಯಲ್ಲಿ ಹಳೇ ಕೊಳೆತ ತಗಡು ಹಾಗೇ ಇರುತ್ತದೆ, ಎರಡರ ನಡುವೆ ನೀರಿಗೆ ಹೊಸ ಮನೆ ಕಟ್ಟಿಕೊಟ್ಟಂತಾಗುತ್ತದೆ. ಪುಟ್ಟಿ ಸ್ವತಃ ನೀರು ಹೀರುವ ವಸ್ತು. ನೆಗ್ಗು ಸರಿಮಾಡಲು ತೆಳ್ಳಗೆ ಹಚ್ಚುವುದಕ್ಕೆ ಅದು, ತೂತು ಮುಚ್ಚುವುದಕ್ಕಲ್ಲ.

ಹಾಗಾಗಿ ಕೆಲಸ ಒಪ್ಪಿಸುವಾಗಲೇ ಮಾತು ಆಡಿಬಿಡು. ಕೊಳೆತ ಭಾಗವನ್ನು ಗಟ್ಟಿ, ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ಹೊಸ ತುಂಡು ಹಳೆಯದರಷ್ಟೇ ದಪ್ಪ ಇರಬೇಕು. ಜೀಪಿನ ನೆಲಕ್ಕೆ 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ತಗಡು ಚೆನ್ನಾಗಿ ಹೊಂದುತ್ತದೆ. ಈಗಿನ ಕಾರುಗಳ ಹೊರತಗಡು 0.7, 0.8 ಮಿಲಿಮೀಟರ್ ಇರುತ್ತದೆ, ಅಂಥದ್ದನ್ನು ಇಲ್ಲಿ ಕೂರಿಸಿದರೆ ಕಾಲಿಟ್ಟಲ್ಲಿ ಬಾಗುತ್ತದೆ. ಗ್ಯಾಸ್ ವೆಲ್ಡಿಂಗಿನ ಬಿಸಿಗೆ ತಗಡು ಅಲೆಯಲೆಯಾಗಿ ಉಬ್ಬುತ್ತದೆ. ಸಿಓಟು ವೆಲ್ಡಿಂಗ್ ಇರುವ ಶೆಡ್ಡು ಹುಡುಕು. ಅದರಲ್ಲೂ ಒಂದೇ ಗೆರೆ ಎಳೆಯದೆ, ಇಲ್ಲೊಂದು ಅಲ್ಲೊಂದು ಟ್ಯಾಕ್ ಹೊಡೆದು ತಣಿಯಲು ಬಿಟ್ಟು ಮುಂದುವರಿಯಬೇಕು. ಸಾಧ್ಯವಾದ ಕಡೆಯೆಲ್ಲ ತುಂಡುಗಳು ಅಂಚಿಗೆ ಅಂಚು ಕೂಡಲಿ. ಒಂದರ ಮೇಲೊಂದು ಕೂರಿಸಲೇಬೇಕಾದಲ್ಲಿ ಒಳಮುಖಕ್ಕೆ ಸತುವಿನ ಪ್ರೈಮರ್ ಹಚ್ಚಿ ಬೆಸೆದು, ಎರಡೂ ಕಡೆ ಸಂದಿಗೆ ಸೀಲರ್ ತುಂಬಿಸು. ಜಿಐ ತಗಡು ಹಾಕುವುದಾದರೆ ಬೆಸೆಯುವ ಅಂಚಿನ ಸತುವನ್ನು ಉಜ್ಜಿ ತೆಗೆಯಲಿ. ಸುಟ್ಟ ಸತುವಿನ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಜ್ವರ, ಚಳಿ ಬರುತ್ತದೆ. ಕೆಲಸ ಗಾಳಿಯಾಡುವಲ್ಲಿ ನಡೆಯಲಿ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ವೈರು ಕಳಚು. ಹಳೇ ಜೀಪುಗಳಲ್ಲಿ ಡ್ರೈವರ್ ಸೀಟಿನಡಿಯಲ್ಲೇ ಟ್ಯಾಂಕು ಇರುವುದುಂಟು. ಅದನ್ನು ಇಳಿಸಿ ದೂರ ಇಟ್ಟ ಮೇಲೆಯೇ ನೆಲಕ್ಕೆ ಕಿಡಿ ತಾಗಬೇಕು. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಬ್ರೇಕಿನ ಕಬ್ಬಿಣದ ಪೈಪು, ವೈರಿಂಗು ಹಾದುಹೋಗುವ ಜಾಗಗಳನ್ನೂ ಮೊದಲೇ ತೋರಿಸು.

ಪ್ರೈಮರಿನ ವಿಷಯದಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ರೆಡ್ ಆಕ್ಸೈಡ್. ಕಿಟಕಿ ಸರಳಿಗೆ, ಗೇಟಿಗೆ ಅದು ಸರಿ. ಆದರೆ ಅದು ತೇವ ಹೀರುತ್ತದೆ. ಕೆಂಪು ಬಳಿದು ಮೇಲಿನ ಬಣ್ಣ ಆಮೇಲೆ ನೋಡೋಣ ಎಂದು ಒಂದು ಮಳೆಗಾಲ ಬಿಟ್ಟ ಗಾಡಿಗಳ ಸ್ಥಿತಿ ನೋಡಿದ್ದೇನೆ, ಬಣ್ಣದ ಕೆಂಪು ಯಾವುದು, ತುಕ್ಕಿನ ಕೆಂಪು ಯಾವುದು ಎಂದು ಬಿಡಿಸಲಾಗದು. ಗಾಡಿಗೆ ಎಪಾಕ್ಸಿ ಪ್ರೈಮರ್ ಹಾಕಿಸು. ಎರಡು ಡಬ್ಬಿಯಲ್ಲಿ ಬರುತ್ತದೆ, ಹೇಳಿದ ಅಳತೆಗೇ ಬೆರೆಸಬೇಕು. ನೀರನ್ನು ತಡೆಯುವುದರಲ್ಲಿ ಅದು ಬಹಳ ಮೇಲು. ಹಳೇ ರೆಡ್ ಆಕ್ಸೈಡಿನ ಮೇಲೆಯೇ ಅದನ್ನು ಹೊಡೆದರೆ ಅಡಿಯದು ಸುಕ್ಕುಗಟ್ಟಿ ಏಳಬಹುದು, ಹಾಗಾಗಿ ತಗಡಿಗೇ ನೇರ ಹೋಗಲಿ. ಪುಟ್ಟಿ ಬೇಕಿದ್ದರೆ ಎಪಾಕ್ಸಿಯ ಮೇಲೆ ತೆಳ್ಳಗೆ. ಸ್ಪ್ರೇ ಮಾಡುವವನು ಒಳ್ಳೆಯ ಮಾಸ್ಕ್ ಹಾಕಿಕೊಂಡಿದ್ದಾನೆಯೇ ನೋಡು. ಗಟ್ಟಿಕಾರಕ ಬೆರೆಸುವ ಬಣ್ಣಗಳ ಮಂಜು ಶ್ವಾಸಕೋಶಕ್ಕೆ ಕೆಟ್ಟದ್ದು.

ಕಾಲ ಯಾವುದು ಎಂಬುದೂ ಮುಖ್ಯ. ಉಜ್ಜಿ ಬರಿದು ಮಾಡಿದ ತಗಡು ಒದ್ದೆ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗುತ್ತದೆ. ದಸರಾ ಹೊತ್ತಿಗೆ ನಮ್ಮ ಕಡೆ ಗೋಡೆ ಕೂಡ ಒಣಗಿರುವುದಿಲ್ಲ. ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣ ದಿನಗಳೇ ಸರಿಯಾದ ಹಂಗಾಮು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಉಜ್ಜುವುದು, ಅದೇ ದಿನ ಸಂಜೆಯೊಳಗೆ ಪ್ರೈಮರ್ ಮುಗಿಸುವುದು. ಆಯುಧಪೂಜೆಗೆ ಈ ವರ್ಷ ಗಾಡಿ ತೊಳೆದು, ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸು. ದೇವರು ಬಣ್ಣ ಕೇಳುವುದಿಲ್ಲ.

ಚಾಸಿಯ ಕಡೆ ಬಾ. ಅದರ ಉದ್ದ ತೊಲೆಗಳಲ್ಲಿ ನೀರು ಇಳಿಯಲೆಂದೇ ತೂತುಗಳಿರುತ್ತವೆ. ಕೆಸರು ತುಂಬಿ ಅವು ಮುಚ್ಚಿಹೋಗಿರುತ್ತವೆ. ಸೈಕಲ್ಲಿನ ಒಂದು ಹಳೇ ಕಡ್ಡಿಯ ತುದಿ ಬಗ್ಗಿಸಿ ಅದರಿಂದ ತೂತು ಬಿಡಿಸು. ಎಷ್ಟು ಮಣ್ಣು, ಎಷ್ಟು ತುಕ್ಕಿನ ಹುಡಿ ಉದುರುತ್ತದೆ ಎಂದು ನೋಡಿದರೆ ನಿನಗೇ ಗಾಬರಿಯಾಗುತ್ತದೆ. ಆಮೇಲೆ ಒಳಗೆ ಪೈಪು ಬಿಟ್ಟು ನೀರು ಹಾಯಿಸಿ, ಕೆಳಗೆ ಬರುವ ನೀರು ತಿಳಿಯಾಗುವವರೆಗೆ ತೊಳೆ. ಒಂದೆರಡು ದಿನ ಬಿಸಿಲಲ್ಲಿ ನಿಲ್ಲಿಸಿ ಪೂರ್ತಿ ಒಣಗಿದ ಮೇಲೆ ಒಳಭಾಗಕ್ಕೆ ಮೇಣದ ಸ್ಪ್ರೇ ಹೊಡೆಸು. ಲೀಫ್ ಸ್ಪ್ರಿಂಗಿನ ಹ್ಯಾಂಗರ್, ಶ್ಯಾಕಲ್, ಕ್ರಾಸ್ ಮೆಂಬರ್ ಸೇರುವ ಮೂಲೆ, ಸ್ಟೀರಿಂಗ್ ಬಾಕ್ಸು ಬಿಗಿದ ಜಾಗ ಇವುಗಳಲ್ಲಿ ಬಿರುಕು, ತೂತು ಕಂಡರೆ ಅದಕ್ಕೆ ತೇಪೆ ಹಚ್ಚುವ ಮಾತೇ ಬೇಡ. ಜೀವದ ಪ್ರಶ್ನೆ ಅದು. ಚಾಸಿ ಕೆಲಸ ಗೊತ್ತಿರುವವನಿಗೆ ತೋರಿಸಿ ಅವನ ಮಾತಿನಂತೆ ನಡೆ.

ಸರ್ವಿಸ್ ಸ್ಟೇಷನ್ನಿನಲ್ಲಿ ತೊಳೆದ ಮೇಲೆ ಅಡಿಗೆ ಡೀಸೆಲ್ ಹೊಡೆಯುವುದು, ಕೆಲವರು ಸುಟ್ಟ ಇಂಜಿನ್ ಆಯಿಲ್ ಬಳಿಯುವುದು ನಮ್ಮ ಕಡೆಯ ಹಳೇ ಪದ್ಧತಿ. ಸ್ವಲ್ಪ ದಿನ ತಗಡಿಗೆ ನೀರು ತಾಗುವುದಿಲ್ಲ, ಅಷ್ಟರ ಮಟ್ಟಿಗೆ ನಿಜ. ಆದರೆ ರಬ್ಬರ್ ಬುಷ್ಷು ಉಬ್ಬಿ ಕೆಡುತ್ತದೆ, ಧೂಳು ಅಂಟಿ ಹೆಪ್ಪುಗಟ್ಟುತ್ತದೆ, ತೊಟ್ಟಿಕ್ಕಿದ್ದು ತೋಟದ ಮಣ್ಣಿಗೂ ಹಳ್ಳಕ್ಕೂ ಸೇರುತ್ತದೆ. ಬ್ರೇಕ್ ಡ್ರಮ್ಮಿನ ಹತ್ತಿರ ಬಿದ್ದರೆ ಕಥೆ ಮುಗಿದಂತೆ. ಕಪ್ಪು ರಬ್ಬರಿನಂಥ ಅಂಡರ್‌ಕೋಟಿಂಗೂ ಹಾಗೇ, ಶುದ್ಧ ತಗಡಿನ ಮೇಲೆ ಹೊಡೆದರೆ ಒಳ್ಳೆಯದು. ತುಕ್ಕಿನ ಮೇಲೆ ಹೊಡೆದರೆ ಅದು ಬಿರಿದ ಕಡೆ ನೀರು ನುಗ್ಗಿ ಒಳಗೇ ಸಿಕ್ಕಿಕೊಂಡು, ಹೊರಗೆ ಏನೂ ಕಾಣದಂತೆ ಕೊಳೆಯುತ್ತದೆ.

ಇನ್ನು ಗಾಡಿಯಲ್ಲಿ ನೀನು ಹೇರುವ ಸರಕು. ತೋಟಕ್ಕೆ ಪೊಟ್ಯಾಷ್ ಮೂಟೆ ಒಯ್ಯುತ್ತೀಯಲ್ಲ, ಆ ಎಂಒಪಿ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಮೂಟೆ ಒಡೆದು ಚೆಲ್ಲಿದ ಕಾಳು ನೆಲದ ಮೂಲೆ ಸೇರಿ, ಮೊದಲ ಮಳೆಗೆ ಕರಗಿದರೆ ನಿನ್ನ ಜೀಪಿನ ನೆಲ ಸಮುದ್ರ ತೀರಕ್ಕೆ ಹೋಗಿ ಬಂದಂತೆಯೇ. ಮೈಲುತುತ್ತ ಇನ್ನೂ ಕೆಟ್ಟದ್ದು. ಅಡಿಕೆಗೆ ಕೊಳೆರೋಗದ ಔಷಧಿ ಕಲಸುವಾಗ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವಲ್ಲ, ಅಲಗು ಕೆಂಪಾದರೆ ಸುಣ್ಣ ಇನ್ನೂ ಸಾಲದು ಎಂದು ಲೆಕ್ಕ. ಆ ಕೆಂಪು ಏನು ಗೊತ್ತೇ? ದ್ರಾವಣದಲ್ಲಿದ್ದ ತಾಮ್ರ ಅಲಗಿನ ಮೇಲೆ ಕೂತು, ಅಷ್ಟಕ್ಕೆ ಅಲಗಿನ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿದ ಗುರುತು. ಕತ್ತಿಗೆ ಒಂದು ನಿಮಿಷದಲ್ಲಿ ಆಗುವುದು, ಡ್ರಮ್ಮಿನಿಂದ ತುಳುಕಿದ ತುತ್ತದ ನೀರಿನಿಂದ ಜೀಪಿನ ನೆಲಕ್ಕೆ ಇಡೀ ಮಳೆಗಾಲ ಆಗುತ್ತದೆ. ಗೊಬ್ಬರ, ತುತ್ತ ಒಯ್ಯುವ ದಿನ ಅಡಿಗೆ ದಪ್ಪ ಟಾರ್ಪಾಲು ಹಾಸು. ಇಳಿಸಿದ ಸಂಜೆಯೇ ನೆಲವನ್ನು ಸಿಹಿನೀರಲ್ಲಿ ತೊಳೆ. ಕಡಲ ತೀರದ ಮರಳಿನಲ್ಲಿ ಓಡಿಸಿದರೂ, ಮೀನಿನ ಬುಟ್ಟಿ ಹೇರಿದರೂ ಇದೇ ನಿಯಮ.

ಗಾಡಿಗೆ ಅಂದ ಕೊಡಲು ನೆಲಕ್ಕೆ ಅಲ್ಯೂಮಿನಿಯಂ ಚೆಕ್ಕರ್ ಪ್ಲೇಟು ಹೊಡೆಸುವ ಆಸೆ ಬಿಡು. ಅಲ್ಯೂಮಿನಿಯಂ ಮತ್ತು ಕಬ್ಬಿಣ ಎರಡು ಬೇರೆ ಲೋಹ, ನಡುವೆ ಒದ್ದೆ ಸಿಕ್ಕಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಅದಕ್ಕಿಂತ ಮುಖ್ಯವಾಗಿ ಅದರಡಿ ನಿಂತ ನೀರು ನಿನ್ನ ಕಣ್ಣಿಗೆ ಬೀಳುವುದಿಲ್ಲ. ಹೊಸ ಲೈಟಿಗೆ, ಏಣಿಗೆ, ಬಂಪರಿಗೆ ತೂತು ಕೊರೆದಲ್ಲೆಲ್ಲ ಬರೀ ಕಬ್ಬಿಣದ ಅಂಚು ಹುಟ್ಟುತ್ತದೆ. ಕೊರೆದ ಕೂಡಲೇ ಅಂಚಿಗೆ ಪ್ರೈಮರ್ ಮುಟ್ಟಿಸು. ನೆಲಕ್ಕೆ ದಪ್ಪ ಕಾರ್ಪೆಟ್ ಬೇಡ, ಎತ್ತಿ ಕೊಡವಿ ಒಣಗಿಸಬಹುದಾದ ರಬ್ಬರ್ ಮ್ಯಾಟು ಸಾಕು. ಗಾಡಿ ನಿಲ್ಲಿಸುವ ಜಾಗ ಮಳೆ ತಡೆದರೆ ಸಾಲದು, ಗಾಳಿ ಆಡಬೇಕು. ಒದ್ದೆ ಗಾಡಿಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿಡುವುದಕ್ಕಿಂತ ಮೂರು ಕಡೆ ತೆರೆದ ಸೋಗೆಯ ಚಪ್ಪರ ಮೇಲು.

ಕಾಗದದ ಕೆಲಸವನ್ನೂ ಮರೆಯಬೇಡ. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಆಗ ಆರ್‌ಟಿಒದಲ್ಲಿ ಚಾಸಿಗೆ ಕೊರೆದ ನಂಬರನ್ನು ನೋಡುತ್ತಾರೆ. ಗ್ರೈಂಡರ್ ಹಿಡಿದ ಹುಡುಗನಿಗೆ ಆ ಜಾಗ ಮೊದಲೇ ತೋರಿಸಿ, ಸುತ್ತ ಟೇಪು ಹಚ್ಚಿ, ಅಲ್ಲಿ ಕೈಯಿಂದ ಮೆಲ್ಲಗೆ ಒರೆಸುವುದು ಬಿಟ್ಟು ಬೇರೇನೂ ಬೇಡ ಎಂದು ಹೇಳು. ಉಜ್ಜಿ ಅಳಿಸಿದರೆ ಒಳ್ಳೆಯ ಗಾಡಿಯೂ ಅನುಮಾನದ ಗಾಡಿಯಾಗುತ್ತದೆ. ದಪ್ಪ ಅಂಡರ್‌ಕೋಟಿಂಗಿನಡಿ ನಂಬರು ಮುಚ್ಚಿಹೋಗುವಂತೆಯೂ ಆಗಬಾರದು. ಆರ್‌ಸಿಯಲ್ಲಿ ಬರೆದ ಬಣ್ಣ ಬಿಟ್ಟು ಬೇರೆ ಬಣ್ಣ ಹೊಡೆಸುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ ದಾಖಲೆ ಸರಿಮಾಡಿಸಿಕೋ.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಿ ಮುಗಿಸಲು ಹೋಗಬೇಡ. ದುಡ್ಡೂ ಸಾಲದು, ಕೆಲಸವೂ ಅರೆಬರೆಯಾಗುತ್ತದೆ. ಈ ಬೇಸಿಗೆಗೆ ಚಾಸಿ, ನೆಲ, ಬ್ರೇಕಿನ ಪೈಪು. ಮುಂದಿನ ಬೇಸಿಗೆಗೆ ಮಡ್‌ಗಾರ್ಡು, ಗಾಜಿನ ಚೌಕಟ್ಟು, ಹಿಂಬಾಗಿಲು. ಬಾನೆಟ್ಟಿನ ಮೇಲಿನ ಗೀರು, ಮಾಸಿದ ಬಣ್ಣ ಇವೆಲ್ಲ ಕೊನೆಗಿರಲಿ, ಅವುಗಳಿಂದ ಯಾರ ಕೈಕಾಲೂ ಮುರಿಯುವುದಿಲ್ಲ. ಚಾಸಿಯೇ ಹಲವು ಕಡೆ ತಿಂದುಹೋಗಿದೆ ಎಂದು ತಿಳಿದವನು ಹೇಳಿದರೆ ಆ ಗಾಡಿಗೆ ದುಡ್ಡು ಸುರಿಯುವುದು ನಿಲ್ಲಿಸಿ, ಒಳ್ಳೆಯ ಇಂಜಿನ್ನು, ಗೇರ್‌ಬಾಕ್ಸು ಬಿಚ್ಚಿ ಮಾರಿಬಿಡು. ಅದರಲ್ಲಿ ನಾಚಿಕೆಯೇನೂ ಇಲ್ಲ. ಇನ್ನು ಒಂದು ಕೆಲಸ ಮಾತ್ರ ನಾಳೆಗೆ ಇಡಬೇಡ ತಮ್ಮಾ: ಇದೇ ಭಾನುವಾರ ಮ್ಯಾಟು ಎತ್ತಿ, ಒಂದು ಗೋಣಿ ಹಾಸಿಕೊಂಡು ಗಾಡಿಯ ಅಡಿಗೆ ಮಲಗಿ ನೋಡು, ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೋ. ಟಿಂಕರ್ ಶೆಡ್ಡಿಗೆ ಹೋಗುವಾಗ ಆ ಚೀಟಿ ಕೈಯಲ್ಲಿರಲಿ.